ಮೂರು ಗಂಟೆಗೆ ಸಂಜೆಯಾದ ಸೋಮವಾರ

ನಾನು ಚಿಕ್ಕವನಿದ್ದಾಗ ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೇ ಸಂಜೆಯಾಗಿಬಿಟ್ಟಿತು. ಗಡಿಯಾರದ ಮೇಲೆ ಅಪಾರ ನಂಬಿಕೆ ಇಟ್ಟಿರುವ ನೀವು ಈ ಮಾತನ್ನು ಒಪ್ಪಲಿಕ್ಕಿಲ್ಲ. ಪರವಾಗಿಲ್ಲ. ಆ ದಿನ ನಮ್ಮ ಅಪ್ಪನೂ ಸುಲಭಕ್ಕೆ ಒಪ್ಪಿರಲಿಲ್ಲ.

ಅಪ್ಪ ಕಡೂರಿನ ಕಡೆಯವರು, ಅಂದರೆ ಬಯಲುಸೀಮೆಯವರು. ಬಿಸಿಲಿನಲ್ಲಿ ಹುಟ್ಟಿ, ರಾಗಿಮುದ್ದೆ ಉಂಡು ಬೆಳೆದ ಆ ಮನುಷ್ಯ ಯಾವ ಧೈರ್ಯದ ಮೇಲೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ ಬಂದು ದಿನಸಿ ಅಂಗಡಿ ತೆರೆದರು ಎಂಬುದು ನಮ್ಮ ವಂಶದ ಚರಿತ್ರೆಯಲ್ಲಿ ಇವತ್ತಿಗೂ ಇತ್ಯರ್ಥವಾಗದ ಪ್ರಶ್ನೆ. ಮೊದಲ ಮಳೆಗಾಲದಲ್ಲಿ ಉಪ್ಪಿನ ಮೂಟೆ ಕರಗಿ ಬಾಗಿಲಾಚೆ ಹರಿದುಹೋಯಿತು. ಬೆಲ್ಲ ಬೆವರಿತು. ಬೆಂಕಿಪೆಟ್ಟಿಗೆಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟವು. “ಇದೇನ್ ಮಳೆ, ನಾಕು ದಿನ ಹುಯ್ದು ನಿಂತ್ಕಂತೈತೆ” ಎಂದು ಅಪ್ಪ ಜೂನ್ ತಿಂಗಳಲ್ಲಿ ಸಾರಿದರು. ಅಕ್ಟೋಬರ್ ಬಂದರೂ ಅದು ನಿಲ್ಲಲಿಲ್ಲ. ಅಪ್ಪ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ ಎಂಬಂತೆ ಇದ್ದುಬಿಟ್ಟರು.

ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಮನೆ, ಎರಡರ ನಡುವೆ ಹೆಂಚಿನ ಮಾಡಿನ ಕೆಳಗೆ ಒಂದು ಜಗಲಿ. ನೋಡಲು ಸಾಧಾರಣ ಜಗಲಿಯೇ. ಆದರೆ ನಮ್ಮ ಮನೆಯ ನ್ಯಾಯಾಲಯ ಅದು. ಬಂದವರು ಅಲ್ಲೇ ಉಳಿಯಬೇಕೋ, ಹೊಸ್ತಿಲು ದಾಟಿ ಒಳಗೆ ಬರಬಹುದೋ ಎಂಬ ತೀರ್ಪು ಅಲ್ಲಿ ಆಗುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರೆ ಒಳಗೆ ಮಣೆ, ಹೊಳೆಯುವ ಹಿತ್ತಾಳೆ ಲೋಟದಲ್ಲಿ ಕಾಫಿ. ತೋಟದ ಆಳುಗಳೋ ಗುಡ್ಡದ ಮೇಲಿನ ಮಲೆಕುಡಿಯರೋ ಬಂದರೆ ಜಗಲಿ, ತೆಂಗಿನ ಕರಟದಲ್ಲಿ ಕಾಫಿ. ಈ ಕಾನೂನನ್ನು ಬರೆದವರು ಯಾರು ಎಂದು ಯಾರೂ ಕೇಳಿರಲಿಲ್ಲ. ಕೇಳುವವರಿಲ್ಲದ ಕಾನೂನುಗಳು ಸುಖವಾಗಿ ಬಾಳುತ್ತವೆ. ಇದೂ ಬಾಳುತ್ತಿತ್ತು, ನಮ್ಮ ಅಕ್ಕ ಕೇಳುವವರೆಗೆ.

ಅಕ್ಕನಿಗೆ ಆಗ ಹನ್ನೆರಡಿರಬೇಕು, ನನಗೆ ಎಂಟು. ಶಾಲೆಯಲ್ಲಿ ಅಕ್ಕನಿಗೊಬ್ಬಳು ಗೆಳತಿ. ಗುಡ್ಡದ ಮೇಲಿನ ಮಲೆಕುಡಿಯರ ಹುಡುಗಿ. ಮಳೆಗಾಲದಲ್ಲಿ ಬಿದಿರಿನ ಕಡ್ಡಿ ಮತ್ತು ಎಲೆ ಹೆಣೆದು ಮಾಡಿದ ಗೊರಬು ಹೊತ್ತು ಇಳಿದು ಬರುತ್ತಿದ್ದಳು. ಗೊರಬೆಂದರೆ ತಲೆಯಿಂದ ಮೊಣಕಾಲಿನವರೆಗೆ ಬೆನ್ನು ಮುಚ್ಚುವ ದೊಡ್ಡ ಚಿಪ್ಪು. ದೂರದಿಂದ ನೋಡಿದರೆ ಒಂದು ಆಮೆ ಎರಡು ಕಾಲಿನ ಮೇಲೆ ಎದ್ದು ವಿದ್ಯೆ ಕಲಿಯಲು ಬರುತ್ತಿರುವಂತೆ ಕಾಣುತ್ತಿತ್ತು. ನಾನು ಹಾಗೆಂದು ಒಮ್ಮೆ ಹೇಳಿದೆ. “ಆಮೆ ನೆನೆಯಲ್ಲ, ನೀನು ನೆಂದಿದೀಯ” ಎಂದಳು ಆಕೆ. ನಾನು ನೆಂದಿದ್ದೆ. ಆಮೇಲೆ ಆ ವಿಷಯ ಎತ್ತಲಿಲ್ಲ.

ಆ ವರ್ಷ ಪುಷ್ಯ ಮಳೆ ಶುರುವಾದಾಗ ಒಂದು ಮಧ್ಯಾಹ್ನ ಹಳ್ಳ ಉಕ್ಕಿ ಅವಳಿಗೆ ಮನೆಗೆ ಹೋಗಲಾಗಲಿಲ್ಲ. ಅಕ್ಕ ಅವಳನ್ನು ಕೈಹಿಡಿದು ನಮ್ಮ ಮನೆಗೆ ಕರೆತಂದಳು. ಅಮ್ಮ ಕೆಟ್ಟವಳಲ್ಲ. ಹುಡುಗಿಗೆ ಟವೆಲು ಕೊಟ್ಟಳು, ಬಿಸಿ ಅನ್ನ ಬಡಿಸಿದಳು, ತುಪ್ಪವನ್ನೂ ಹಾಕಿದಳು. ಆದರೆ ಎಲೆ ಹಾಕಿದ್ದು ಜಗಲಿಯಲ್ಲಿ. ನಾವು ಒಳಗೆ ತಟ್ಟೆಯ ಮುಂದೆ ಕೂತೆವು. ಗಾಳಿ ಎರಚಲನ್ನು ಹೊತ್ತು ತಂದು ಅವಳ ಎಲೆಯ ಮೇಲೆ ಚೆಲ್ಲುತ್ತಿತ್ತು. ಅವಳು ಬೆನ್ನು ಅಡ್ಡ ಹಿಡಿದು ಉಂಡಳು, ಎಲೆ ಎತ್ತಿದಳು, ನೆಲವನ್ನು ತಾನೇ ಒರೆಸಿದಳು, ನೀರು ಇಳಿದ ಮೇಲೆ ಹೋದಳು.

ಮರುದಿನದಿಂದ ಶಾಲೆಯಲ್ಲಿ ಅಕ್ಕನ ಪಕ್ಕ ಕೂರುವುದನ್ನು ಬಿಟ್ಟಳು. ಅಕ್ಕ ಮಾತಾಡಿಸಿದರೆ ಕಿಟಕಿಯ ಕಡೆ ನೋಡುತ್ತಿದ್ದಳು. ಅಕ್ಕ ಮನೆಗೆ ಬಂದು ಅಪ್ಪನ ಮುಂದೆ ನಿಂತಳು.

“ಅಪ್ಪ, ರೈಟರು ಒಳಗೆ ಕೂರ್ತಾರೆ. ಅವಳು ಯಾಕೆ ಕೂರಬಾರ್ದು?”

ಅಪ್ಪ ತಕ್ಕಡಿಯ ಕಡೆ ನೋಡಿದರು. “ಅದು ಹಂಗೇ ಕಣವ್ವ” ಎಂದರು.

“ಹಂಗೇ ಅಂದ್ರೆ ಹೆಂಗೆ?”

ಅಪ್ಪ ಗಿರಾಕಿಯಿಲ್ಲದ ಅಂಗಡಿಯಲ್ಲಿ ಬೆಲ್ಲ ತೂಗತೊಡಗಿದರು.

ಇದಾಗಿ ಸ್ವಲ್ಪ ದಿನಕ್ಕೆ ಆ ಹುಡುಗಿಯ ಅಜ್ಜಿ ಅಂಗಡಿಗೆ ಬಂದರು. ನಾವು ಅವರನ್ನು ಗುಡ್ಡದಜ್ಜಿ ಎನ್ನುತ್ತಿದ್ದೆವು. ಸಣ್ಣ ಆಳು, ದೊಡ್ಡ ದನಿ. ಉಪ್ಪು, ಹೊಗೆಸೊಪ್ಪು ಒಯ್ಯುವಾಗ ಮರದ ಮೇಲೆ ಬೆಳೆಯುವ ಮರಗೆಸುವಿನ ಎಲೆಯನ್ನೋ ಏಲಕ್ಕಿಯನ್ನೋ ಸುಮ್ಮನೆ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಆ ದಿನ ಜಗಲಿಯಲ್ಲಿ ಕೂರಲೂ ಇಲ್ಲ. ನಿಂತೇ ಹೇಳಿದರು:

“ನಮ್ಮ ಮಗೀಗೆ ನೀವು ಊಟ ಹಾಕಿದ್ರಂತೆ ಸಾವ್ಕಾರ್ರೆ. ನಮ್ಮನೇಲಿ ಒಂದು ಕಟ್ಟಲೆ ಅದೆ. ಯಾರ ಮನೆ ಅನ್ನ ಉಂಡ್ರೂ ಅದೇ ಮಳೆಗಾಲದಲ್ಲಿ ತಿರುಗಿ ಅವ್ರಿಗೆ ಉಣ್ಣಿಸ್ಬೇಕು. ಇಲ್ದಿದ್ರೆ ನಮ್ಮ ಹಿರೀಕರು ಮುನಿಸ್ಕಂತಾರೆ. ಬೆಟ್ಟದಲ್ಲಿ ಕಳಲೆ ಎದ್ದದೆ. ನೀವೂ ಮಕ್ಳೂ ಬರ್ಬೇಕು. ನಿಮ್ಗೆ ಅಂತಲೇ ಹೊಸ ಮಡಕೆ ತಂದಿದೀನಿ, ಏಡಿ ಮೀನು ಮುಟ್ಟಿಲ್ಲ.”

ಕಳಲೆಯೆಂದರೆ ಮಳೆಗೆ ನೆಲದಿಂದ ಮೂತಿ ಚಾಚುವ ಬಿದಿರಿನ ಎಳೆ ಮೊಳಕೆ. ಅದನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ನೆನೆಸಿಟ್ಟು, ಕಹಿ ತೆಗೆದು ಆಮೇಲೆ ಅಡುಗೆ ಮಾಡಬೇಕು. ಸುಮ್ಮನೆ ಬಾಯಿಮಾತಿಗೆ ಕರೆಯುವವರು ಅಷ್ಟು ಕಷ್ಟಪಡುವುದಿಲ್ಲ. ಹೊಸ ಮಡಕೆಯನ್ನಂತೂ ತರುವುದೇ ಇಲ್ಲ.

ಅಪ್ಪ ಸಂಕಟಕ್ಕೆ ಬಿದ್ದರು. ಹೋಗುವುದಿಲ್ಲ ಎಂದರೆ ಗುಡ್ಡದವರಿಗೆ ಅವಮಾನ, ಅವರು ಅಂಗಡಿಗೆ ಬರುವುದು ನಿಲ್ಲುತ್ತದೆ. ಹೋಗಿ ಉಂಡರೆ ಕಡೂರಿನಲ್ಲಿ ನೆಂಟರಿಷ್ಟರು ಏನೆಂದಾರು? ಆಗ ಅಪ್ಪನ ಮುಖದಲ್ಲಿ ಒಂದು ಬೆಳಕು ಮೂಡಿತು. ಆ ಬೆಳಕು ಮೂಡಿದಾಗಲೆಲ್ಲ ನಮಗೆ ಭಯ.

“ಬರೋ ಸೋಮವಾರ ಬರ್ತೀವಿ ಅಜ್ಜಿ” ಎಂದರು.

ಸೋಮವಾರ ಶಿವನ ದಿನ. ಅಪ್ಪನಿಗೆ ಅಂದು ಉಪವಾಸ, ಸಂಜೆ ದೀಪ ಹಚ್ಚುವವರೆಗೆ. ಹೋದಂತೆಯೂ ಆಯಿತು, ಉಣ್ಣದಂತೆಯೂ ಆಯಿತು, ಶಿವ ಮೆಚ್ಚಿದಂತೆಯೂ ಆಯಿತು. ಅಕ್ಕನಿಗೆ ಇದು ತಕ್ಷಣ ತಿಳಿಯಿತು.

“ಹೋದ ಸೋಮವಾರ ಎರಡು ಸಲ ಉಪ್ಪಿಟ್ಟು ತಿಂದ್ರಲ್ಲ?”

“ಅದು ಫಲಾಹಾರ.”

“ಅಪ್ಪ, ನೀವು ಅಲ್ಲಿ ಉಣ್ಣದೆ ಎದ್ದು ಬಂದ್ರೆ ಅವಳು ಇನ್ನು ಯಾವತ್ತೂ ನನ್ನ ಹತ್ರ ಮಾತಾಡಲ್ಲ. ಗೊತ್ತಾ? ಯಾವತ್ತೂ.” ಅಕ್ಕನ ದನಿ ಕೊನೆಯಲ್ಲಿ ಸೀಳಿತು. ಅಕ್ಕ ಅಳುವ ಜಾತಿಯವಳಲ್ಲ. ಅದಕ್ಕೇ ಅಳದೆ ಒಳಗೆ ಹೋಗಿ ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತಳು, ಇಲ್ಲದ ಕಲ್ಲುಗಳನ್ನೂ ಆರಿಸಿದಳು.

ಸೋಮವಾರ ಬಂತು. ಮಳೆಗೆಂದು ಶಾಲೆಗೆ ರಜೆ. ಅಪ್ಪ ಸುಳ್ಳು ಹೇಳುವವರಲ್ಲವಾದ್ದರಿಂದ ಅಂದು ಉಪ್ಪಿಟ್ಟಿನ ಫಲಾಹಾರವನ್ನೂ ಬಿಟ್ಟು ಅಪ್ಪಟ ಉಪವಾಸ ಹಿಡಿದರು. ಇದು ಅವರು ಮಾಡಿದ ದೊಡ್ಡ ತಪ್ಪು ಎಂದು ಆಮೇಲೆ ತಿಳಿಯಿತು. ನಮ್ಮನ್ನು ಕರೆದೊಯ್ಯಲು ಅಕ್ಕನ ಗೆಳತಿಯೇ ಗೊರಬು ಹೊತ್ತು ಬಂದಳು. ಅಕ್ಕನ ಕಡೆ ನೋಡಲಿಲ್ಲ. ನನ್ನ ಕಾಲಿಗೆ, ಅಕ್ಕನ ಕಾಲಿಗೆ ಸುಣ್ಣ ಹೊಗೆಸೊಪ್ಪು ಕಲಸಿದ್ದನ್ನು ಬಳಿದಳು. ಇಂಬಳ ಹತ್ತದಿರಲು ಈ ಲೇಪ. ಇಂಬಳವೆಂದರೆ ಕೆರೆಯ ಜಿಗಣೆಯ ತಮ್ಮ, ದಾರದಷ್ಟು ಸಣ್ಣ, ಹಸಿ ತರಗೆಲೆಯ ಮೇಲೆ ಎದ್ದುನಿಂತು ದಾರಿಹೋಕರ ಹಾದಿ ಕಾಯುತ್ತದೆ.

“ನಿಮ್ಗೆ?” ಎಂದು ಅಪ್ಪನನ್ನು ಕೇಳಿದಳು.

“ನಂಗೆ ಬ್ಯಾಡ. ಬಯಲುಸೀಮೆ ರಕ್ತ ಅವಕ್ಕೆ ಹಿಡಿಸಲ್ಲ” ಎಂದರು ಅಪ್ಪ.

ಹಿಡಿಸಿತು.

ತೋಟ ದಾಟುವವರೆಗೆ ದಾರಿ ದಾರಿಯಂತೆಯೇ ಇತ್ತು. ಕಾಫಿ ಗಿಡಗಳು ತೊಯ್ದು ಕಪ್ಪು ಹಸಿರಾಗಿದ್ದವು, ಎಳೆ ಕಾಯಿಗಳು ರೆಂಬೆಗಂಟಿಕೊಂಡು ಮಣಿ ಪೋಣಿಸಿದಂತೆ ಕಾಣುತ್ತಿದ್ದವು. ಆಮೇಲೆ ಕಾಡು. ಮರದ ಬೊಡ್ಡೆಗಳೆಲ್ಲ ಪಾಚಿಯ ಸ್ವೆಟರು ತೊಟ್ಟು ನಿಂತಿದ್ದವು. ಒಂದು ಕೊಂಬೆಯಿಂದ ಸೀತಾಳೆ ದಂಡೆಯ ಹೂಗೊಂಚಲು ಜಡೆಯ ಹಾಗೆ ಇಳಿಬಿದ್ದಿತ್ತು. ಎಲ್ಲೋ ಹಳ್ಳದ ಹತ್ತಿರ ಒಂದು ಹಕ್ಕಿ, ಹೊಸದಾಗಿ ಸಿಳ್ಳೆ ಕಲಿತ ಹುಡುಗನಂತೆ, ಅರ್ಧ ರಾಗ ಹಾಡಿ ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಮಣ್ಣು, ಕೊಳೆತ ಎಲೆ, ಕಾಡುಶುಂಠಿ ಎಲ್ಲ ಸೇರಿ ಒಂದು ವಾಸನೆ. ಈಗಲೂ ಮೂಗಿನಲ್ಲಿದೆ.

ಮೊದಲ ತಿರುವಿನಲ್ಲಿ ಗಾಳಿ ಅಪ್ಪನ ಕೊಡೆಯನ್ನು ತಿರುವಿಹಾಕಿ ಬಟ್ಟಲು ಮಾಡಿತು. ಅಪ್ಪ ಅದನ್ನು ಹಾಗೆಯೇ ಹಿಡಿದು ನಡೆದರು. ಮುಂದೆ ಗೊರಬು ನಿಶ್ಚಿಂತೆಯಿಂದ ಹೋಗುತ್ತಿತ್ತು.

ಬಿದಿರು ಮೆಳೆಯ ಹತ್ತಿರ ಗೆಳತಿ ನಿಂತು ನನಗೆ ಕಳಲೆ ತೋರಿಸಿದಳು. ಕಂದು ರೋಮದ ಪೊರೆ ಹೊದ್ದ ಕೊಂಬಿನಂಥ ಮೊಳಕೆಗಳು. “ಎಲ್ಲಾ ಮುರೀಬಾರ್ದು. ಮೆಳೆಗೆ ಇಷ್ಟು, ಹಂದಿಗೆ ಇಷ್ಟು, ಆನೆಗೆ ಇಷ್ಟು, ನಮ್ಗೆ ಇಷ್ಟು.”

“ಆನೆ ಬತ್ತದಾ?” ಎಂದೆ.

“ಜೋರಾಗಿ ಕೇಳಿದ್ರೆ ಬತ್ತದೆ.”

ನಾನು ಮುಂದಿನ ದಾರಿಯನ್ನು ಮೌನವಾಗಿ ಕ್ರಮಿಸಿದೆ. ಅಪ್ಪನೂ.

ಹಳ್ಳಕ್ಕೆ ಎರಡು ಮರದ ದಿಮ್ಮಿ ಅಡ್ಡ ಹಾಕಿದ ಕಾಲುಸಂಕ. ಕೆಳಗೆ ನೀರು ಹಾಲಿನಂತೆ ಉಕ್ಕಿ, ಕಲ್ಲಿಗೆ ಬಡಿದು ಗುಡುಗುತ್ತಿತ್ತು. ಅಕ್ಕ ಅರ್ಧಕ್ಕೆ ಹೋಗಿ ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗೆಳತಿ ತಿರುಗಿ ಬಂದು ಕೈ ಚಾಚಿದಳು. “ನೀರು ನೋಡ್ಬೇಡ. ನನ್ನ ಗೊರಬು ನೋಡ್ಕಂಡು ಬಾ.” ಅಕ್ಕ ದಾಟಿದಳು. ಆಚೆ ದಡದಲ್ಲಿ ನಾನು ಅಕ್ಕನ ಕಿವಿಯಲ್ಲಿ, “ಮಾತಾಡಿದ್ಲು!” ಎಂದೆ. “ಅದು ಮಾತಲ್ಲ, ದಾರಿ ಹೇಳಿದ್ದು” ಎಂದಳು ಅಕ್ಕ. ಗೆಳತಿ ಆಗಲೇ ಕೈ ಬಿಡಿಸಿಕೊಂಡು ಮುಂದೆ ಹೋಗಿದ್ದಳು.

ಅಪ್ಪ ಸಂಕದ ಮೇಲೆ ಕೂತು, ಕುದುರೆ ಸವಾರಿಯಂತೆ ಎರಡೂ ಕಡೆ ಕಾಲು ಇಳಿಬಿಟ್ಟು, ತೆವಳುತ್ತ ದಾಟಿದರು. ಮುಖದಲ್ಲಿ ಮಾತ್ರ ಮೆರವಣಿಗೆಯ ಗಾಂಭೀರ್ಯ ಇತ್ತು. ಅದನ್ನು ಅವರು ನೀರಿಗೆ ಬೀಳಿಸಲಿಲ್ಲ.

ಗುಡ್ಡದಜ್ಜಿಯ ಮನೆ ಹುಲ್ಲುಹೊದಿಕೆಯದು. ಒಲೆಯ ಹೊಗೆ ಹುಲ್ಲಿನ ಸಂದಿಯಿಂದಲೇ ಹೊರಬಂದು ಮಳೆಯಲ್ಲಿ ಕರಗುತ್ತಿತ್ತು. ಮುಂದೆ ಸಗಣಿ ಸಾರಿಸಿದ ಒಂದು ಸಣ್ಣ ಜಗಲಿ. ಅಜ್ಜಿ ಅದರ ಮೇಲೆ ಚಾಪೆ ಹಾಸಿದರು.

“ಬನ್ನಿ ಬನ್ನಿ ಸಾವ್ಕಾರ್ರೆ. ಇಲ್ಲೇ ಕೂತ್ಕಳಿ. ಒಳಗೆ ಹಿರೀಕರಿಗೆ ಹೊಸ ಕಳಲೆ ಎಡೆ ಇಡೋದು ಅದೆ. ಅದಾಗೋ ತನಕ ಹೊರಗಿನೋರು ಹೊಸ್ತಿಲು ದಾಟಂಗಿಲ್ಲ. ಬೇಜಾರು ಮಾಡ್ಕಬ್ಯಾಡಿ.”

ಅಪ್ಪ ಈ ಘಟ್ಟಕ್ಕೆ ಸಿದ್ಧರಾಗಿ ಬಂದಿರಲಿಲ್ಲ. ಒಳಗೆ ಕರೆದರೆ ಹೇಗೆ ನಯವಾಗಿ ಬೇಡವೆನ್ನಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದರು. ಕರೆಯದೇ ಇದ್ದರೆ ಏನು ಮಾಡಬೇಕೆಂದು ಯೋಚಿಸಿಯೇ ಇರಲಿಲ್ಲ. ಆದರೂ ತಯಾರಿ ದಂಡವಾಗಬಾರದಲ್ಲ. ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು: “ಅಜ್ಜಿ, ಇವತ್ತು ಸ್ವಾಮಾರ. ನಂಗೆ ಉಪವಾಸ. ಮಕ್ಳು ಏನಾರ ತಿಂತಾವೆ.”

“ಎಷ್ಟೊತ್ತಿನ ತನಕ ಉಪವಾಸ?”

“ಸಂಜೆ ದೀಪ ಹಚ್ಚೋ ತನಕ.”

“ಆಗ್ಲಿ” ಎಂದರು ಅಜ್ಜಿ, ಬೇರೇನೂ ಕೇಳಲಿಲ್ಲ. ಒಳಗೆ ಹೋಗಿ ಮೂರು ಕರಟಗಳಲ್ಲಿ ಬೆಲ್ಲದ ಕಾಫಿ ತಂದಿಟ್ಟರು. ನಾನೂ ಅಕ್ಕನೂ ಊದಿಕೊಂಡು ಕುಡಿದೆವು. ಅಪ್ಪ ಕರಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕುಡಿಯಲಿಲ್ಲ. ಕೈ ಮಾತ್ರ ಕಾಯಿಸಿಕೊಂಡರು.

ನಾವು ಕೂತೆವು. ಗಾಳಿ ಎರಚಲನ್ನು ಹೊತ್ತು ತಂದು ನಮ್ಮ ಬೆನ್ನಿಗೆ ಚೆಲ್ಲಿತು. ಅಪ್ಪ ಪಂಚೆಯೆತ್ತಿ ಇಂಬಳಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬಯಲುಸೀಮೆಯ ರಕ್ತ ಕುಡಿದು ಅವು ದ್ರಾಕ್ಷಿಯಂತೆ ಊದಿದ್ದವು. ಒಳಗಿನಿಂದ ವಾಸನೆಗಳು ಸರದಿಯ ಮೇಲೆ ಬಂದವು. ಮೊದಲು ಕೆಂಡದ ಮೇಲೆ ಅಕ್ಕಿರೊಟ್ಟಿ ಉಬ್ಬುವ ವಾಸನೆ. ಆಮೇಲೆ ಒಗ್ಗರಣೆ. ಆಮೇಲೆ ಬೂದಿಯಲ್ಲಿ ಸುಟ್ಟ ಹಲಸಿನ ಬೀಜದ್ದು. ನನ್ನ ಹೊಟ್ಟೆ ದನಿಯೆತ್ತಿ ಮಾತಾಡಿತು. ಸ್ವಲ್ಪ ಹೊತ್ತಿನಲ್ಲಿ ಅಪ್ಪನ ಹೊಟ್ಟೆ ಅದಕ್ಕೆ ಉತ್ತರ ಕೊಟ್ಟಿತು. ಇಬ್ಬರೂ ಕೇಳಿಸದವರಂತೆ ಮಳೆಯನ್ನು ನೋಡಿದೆವು.

ಗೆಳತಿ ಹೊಸ್ತಿಲಿನ ಒಳಗಡೆ ಬೆಚ್ಚಗೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ನಮ್ಮನ್ನು ನೋಡುತ್ತಿದ್ದಳು, ಸುಲಿಯುತ್ತಿದ್ದಳು. ಕೊನೆಗೆ ಕೇಳಿದಳು:

“ಚಳಿ ಆಗ್ತದಾ?”

“ಇಲ್ಲ” ಎಂದಳು ಅಕ್ಕ, ಹಲ್ಲು ಕಟಕಟಿಸುತ್ತ.

“ನಿಮ್ಮನೆ ಜಗಲೀಲೂ ಹಿಂಗೇ ಗಾಳಿ.”

ಅಷ್ಟೇ. ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವಂತೆ ಹೇಳಿದಳು. ಅಪ್ಪನ ಕೈಯಲ್ಲಿದ್ದ ಇಂಬಳ ಅಲ್ಲೇ ನಿಂತಿತು. ಅಪ್ಪ ಚಾಪೆ ನೋಡಿದರು. ಪಕ್ಕದಲ್ಲಿದ್ದ ಕರಟ ನೋಡಿದರು. ಆಮೇಲೆ ಅಕ್ಕನ ಕಡೆ ನೋಡಿದರು. ಅಕ್ಕ ತಲೆ ಬಗ್ಗಿಸಿ ಲಂಗದ ಅಂಚು ಹಿಂಡುತ್ತಿದ್ದಳು.

ಆಗ ಮೋಡ ಇಳಿಯಿತು. ಎದುರಿನ ಗುಡ್ಡ ಹೋಯಿತು, ಅಂಗಳ ಹೋಯಿತು, ಅಂಗಳದ ಹಲಸಿನ ಮರವೂ ಹೋಯಿತು. ಅಪ್ಪನ ಜೇಬುಗಡಿಯಾರದಲ್ಲಿ ಮೂರು ಗಂಟೆ. ಕಣ್ಣಿಗೆ ಮಾತ್ರ ಕತ್ತಲು. ಒಳಗೆ ಕಡ್ಡಿ ಗೀರಿದ ಸದ್ದಾಯಿತು. ಅಜ್ಜಿ ಒಂದು ಮಣ್ಣಿನ ಹಣತೆ ಹಚ್ಚಿ ತಂದು ಹೊಸ್ತಿಲ ಮೇಲಿಟ್ಟರು.

“ಎಡೆ ಆಯ್ತು. ದೀಪಾನೂ ಹಚ್ಚಿದೆ. ಸಂಜೆ ಆಯ್ತು ಸಾವ್ಕಾರ್ರೆ, ಬನ್ನಿ ಒಳಗೆ.”

ಅಪ್ಪ ಗಡಿಯಾರ ನೋಡಿದರು. “ಅಜ್ಜಿ, ಇನ್ನೂ ಮೂರು ಗಂಟೆ…”

“ಎಂಥ ಮಾರಾಯ್ರೆ, ನಿಮ್ಮ ಶಿವ ಏನು ಗಡಿಯಾರ ಕಟ್ಕಂಡು ಕೂತಿದಾನಾ? ದೀಪ ಕಾಣ್ತದೋ ಇಲ್ವೋ ಹೇಳಿ.”

ದೀಪ ಕಾಣುತ್ತಿತ್ತು. ಗಾಳಿಗೆ ಬಾಗುತ್ತ, ಮತ್ತೆ ನೆಟ್ಟಗಾಗುತ್ತ. ಗೆಳತಿ ಬೀಜ ಸುಲಿಯುವುದನ್ನು ನಿಲ್ಲಿಸಿದ್ದಳು.

ಅಪ್ಪ ಗಡಿಯಾರವನ್ನು ಜೇಬಿಗೆ ಹಾಕಿದರು. ಎದ್ದರು. ಸೂರಿನ ನೀರಿಗೆ ಕಾಲೊಡ್ಡಿ ತೊಳೆದುಕೊಂಡರು. ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡರು. “ಮಲೆನಾಡಲ್ಲಿ ಸಂಜೆ ಬಲು ಬೇಗ ಆಗ್ತೈತೆ ಬಿಡು ಅಜ್ಜಿ” ಎಂದು, ಆ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ, ಒಳಗೆ ಹೋದರು.

ಒಳಗಿನ ಬೆಚ್ಚನೆಯನ್ನು ಹೇಗೆ ಹೇಳಲಿ? ಒಲೆಯ ಬೆಂಕಿ, ಅಟ್ಟದಲ್ಲಿ ಹೊಗೆಗೆ ಕಪ್ಪಾದ ಬುಟ್ಟಿಗಳು, ಮೂಲೆಯಲ್ಲಿ ಹಿರೀಕರ ಮುಂದೆ ಒಂದು ಎಲೆ. ನಮಗೂ ಎಲೆ ಹಾಕಿದರು, ಅವರ ಎಲೆಗಳ ಪಕ್ಕದಲ್ಲೇ. ಕಳಲೆ ಹುಳಿ, ಹಲ್ಲಿಗೆ ಸಿಕ್ಕಿದರೆ ಕರುಂ ಎನ್ನುತ್ತಿತ್ತು. ಮರಗೆಸುವಿನ ಪತ್ರೊಡೆ, ನಾಲಿಗೆ ತುರಿಸದಂತೆ ವಾಟೆಹುಳಿ ಬೆರೆಸಿ ಹಬೆಯಲ್ಲಿ ಬೇಯಿಸಿದ್ದು. ಸೂಜಿಮೆಣಸಿನ ಚಟ್ನಿ. ಅಪ್ಪ ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಶಿವಧ್ಯಾನವೋ ಸೂಜಿಮೆಣಸೋ ತಿಳಿಯಲಿಲ್ಲ. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂದಾಗ ಸೂಜಿಮೆಣಸು ಎಂದು ನಿಶ್ಚಯವಾಯಿತು. ಮೂರನೆಯ ತುತ್ತಿನಿಂದ ಮುಂದೆ ಅವರು ಯಾರ ಕಡೆಯೂ ನೋಡಲಿಲ್ಲ.

“ಉಪವಾಸದೋರಿಗೆ ಇನ್ನೊಂದು ರೊಟ್ಟಿ ಹಾಕು ಮಗಾ” ಎನ್ನುತ್ತಿದ್ದರು ಅಜ್ಜಿ.

“ಸಾಕು ಅಜ್ಜಿ” ಎನ್ನುತ್ತಿದ್ದರು ಅಪ್ಪ, ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ.

ಗೆಳತಿ ಬಿದಿರಿನ ಅಂಡೆ ತಂದು ಅಕ್ಕನ ಮುಂದೆ ಮಂಡಿಯೂರಿ ಕೂತಳು. “ಜೇನು ಬೇಕಾ?” ಎಂದಳು. ಅಕ್ಕ ತಲೆಯಾಡಿಸಿದಳು. “ಎಷ್ಟು?” ಎಂದಳು ಗೆಳತಿ. ಅಕ್ಕ ನಕ್ಕಳು, ಅವಳೂ ನಕ್ಕಳು, ಜೇನು ಎಲೆಯ ಅಂಚು ಮೀರಿ ಅಕ್ಕನ ಲಂಗದ ಮೇಲೆ ಹರಿಯಿತು. ಅಲ್ಲಿಂದ ಇಬ್ಬರ ಬಾಯಿ ತೆರೆದದ್ದು ನಾವು ಹೊರಡುವವರೆಗೆ ಮುಚ್ಚಲಿಲ್ಲ. ತಿಂಗಳಿನ ಬಾಕಿ ಮಾತುಗಳಿದ್ದವಲ್ಲ.

ನಾವು ಗುಡ್ಡ ಇಳಿಯುವಾಗ ಮೋಡ ಹರಿದು ಬಿಸಿಲು ಬಿತ್ತು. ಕಾಡೆಲ್ಲ ಫಳಫಳ ಹೊಳೆಯಿತು. ಸಂಜೆಯಾದ ಮೇಲೆ ಬಿಸಿಲು ಬಂದದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಅಪ್ಪ ಆಕಾಶದ ಕಡೆ ಕತ್ತೆತ್ತಲಿಲ್ಲ. ಮನೆಯಲ್ಲಿ ಅಮ್ಮ, “ಉಪವಾಸ ಏನಾಯ್ತು?” ಎಂದಳು. “ದೀಪ ಹಚ್ಚಿದ್ರು ಕಣೇ” ಎಂದು ಅಪ್ಪ ನೇರ ಹೋಗಿ ಮಲಗಿದರು.

ಮರುದಿನ ಅಕ್ಕ ಶಾಲೆಯಿಂದ ಓಡಿ ಬಂದಳು. ಗೆಳತಿ ಪಕ್ಕದಲ್ಲೇ ಕೂತಿದ್ದಳಂತೆ. ಜೊತೆಗೆ ಒಂದು ಗುಟ್ಟನ್ನೂ ಹೇಳಿದ್ದಳು. ಹಿರೀಕರಿಗೆ ಎಡೆ ಇಡುವ ಕಟ್ಟಲೆ ನಿಜವೇ. ಆದರೆ ಆ ಎಡೆ ನಾವು ಹೋಗುವ ಮುಂಚೆ, ಬೆಳಿಗ್ಗೆಯೇ ಆಗಿತ್ತು! ಹಾಗಾದರೆ ಅಷ್ಟು ಹೊತ್ತು ಯಾಕೆ ಹೊರಗೆ ಕೂರಿಸಿದರು ಎಂದು ಅಕ್ಕ ಕೇಳಿದ್ದಕ್ಕೆ ಗೆಳತಿ ಹೇಳಿದಳಂತೆ: “ಹೆಂಗೆ ಉಂಡ್ವೋ ಹಂಗೇ ತಿರುಗಿಸ್ಬೇಕು ಅಂತ ಅಜ್ಜಿ ಅಂದ್ರು. ನೀವು ಜಗಲಿ ಕೊಟ್ಟಿದ್ರಿ, ನಾವು ಜಗಲಿ ತಿರುಗಿಸಿದ್ವಿ. ಒಳಗೆ ಕರೆದು ಉಣ್ಣಿಸಿದ್ದು ಅಜ್ಜಿ ಪ್ರೀತಿಗೆ. ಅದು ಬೇರೆ.”

ಅಕ್ಕ ಇದನ್ನು ಅಪ್ಪನಿಂದ ಮುಚ್ಚಿಡಲಿಲ್ಲ. ಅಪ್ಪ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದರು. ದಾರ ಸುತ್ತುವುದನ್ನು ನಿಲ್ಲಿಸಿದರು. ನಾವು ಗುಡುಗಿಗೆ ಕಾದೆವು. ಅಪ್ಪ ಕೊನೆಗೆ ಹೇಳಿದ್ದು ಇಷ್ಟು: “ಆ ಮುದುಕಿ ಅಂಗಡಿ ಇಟ್ಟಿದ್ರೆ ನಾವು ಬಾಗಿಲು ಹಾಕ್ಕಂಡು ಕಡೂರಿಗೆ ಹೋಗ್ಬೇಕಾಗಿತ್ತು.” ದಾರ ಸುತ್ತಿ ಗಂಟು ಹಾಕಿದರು.

ಆ ವಾರವೇ ಹಳ್ಳ ಮತ್ತೆ ಉಕ್ಕಿತು. ಅಕ್ಕನ ಗೆಳತಿ ಬಂದು ಅಭ್ಯಾಸದಂತೆ ಜಗಲಿಯ ಮೂಲೆಗೆ ಹೋದಳು. ಅಪ್ಪ ಅಂಗಡಿಯಿಂದ ಎದ್ದು ಬಂದರು. “ಅಲ್ಲಿ ಗಾಳಿ ಕಣವ್ವ, ಒಳಗೆ ಬಾ” ಎಂದು ತಾವೇ ಮಣೆ ಹಾಕಿದರು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮೋಡದ ಮುಖ ನೋಡಿದರು. ಅಮ್ಮ ಒಳಗಿನಿಂದ ಇನ್ನೊಂದು ತಟ್ಟೆ ತಂದಳು. ಕಡೂರಿನ ನೆಂಟರು ಮುಂದೆ ಏನೇನೋ ಅಂದರು. ಅಪ್ಪ ಅವರಿಗೂ ಜಗಲಿಯ ಗಾಳಿಯನ್ನೇ ಕಾರಣ ಹೇಳಿದರು. ಕರಟಗಳು ಒಲೆಗೆ ಹೋದವು, ಚೆನ್ನಾಗಿ ಉರಿದವು.

ಇನ್ನು ಮೊಮ್ಮಕ್ಕಳೇ, ನಿಮ್ಮ ಕಾಲಕ್ಕೆ ಬರೋಣ. ನೀವು ಶಾಲೆಯಲ್ಲಿ ಡಬ್ಬಿ ಬಿಚ್ಚಿದರೆ ಹತ್ತು ಕೈ ಬೀಳುತ್ತವೆ. ಯಾರ ಮನೆಯ ಚಪಾತಿ, ಯಾರ ಮನೆಯ ಪಲಾವ್ ಎಂದು ನೀವು ಕೇಳುವುದಿಲ್ಲ. ಜಗಲಿ ಎಂಬುದೇ ನಿಮಗೆ ಗೊತ್ತಿಲ್ಲ ಎನ್ನುತ್ತೀರಿ. ಸಂತೋಷ. ಆದರೂ ಒಮ್ಮೆ ಸುತ್ತ ನೋಡಿ. ಅದು ಬೇರೆ ಹೆಸರು ಇಟ್ಟುಕೊಂಡು ಎಲ್ಲಾದರೂ ಕೂತಿರಬಹುದು. ಮಳೆಯಲ್ಲಿ ಪಾರ್ಸೆಲ್ ತಂದವರು ನಮ್ಮ ಗೇಟಿನ ಯಾವ ಕಡೆ ನಿಲ್ಲುತ್ತಾರೆ, ಮೊದಲು ಅದನ್ನು ನೋಡಿ.

ಹೋದ ಭಾನುವಾರ ನಾವೆಲ್ಲ ಹೋಗಿದ್ದೆವಲ್ಲ, ಕಳಸದ ದಾರಿಯ ಊಟದ ಮನೆಗೆ? ಅದನ್ನು ನಡೆಸುವುದು ಅಕ್ಕನ ಗೆಳತಿಯ ಮೊಮ್ಮಗಳು. ಮಳೆಯಲ್ಲಿ ಕಾರುಗಳ ಸಾಲು, ಕೈಯಲ್ಲಿ ಟೋಕನ್ ಹಿಡಿದ ಜನ. ನಮ್ಮನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ನಿಮ್ಮ ಅಜ್ಜಿಯ ಅತ್ತಿಗೆ, ಅಂದರೆ ನಮ್ಮ ಅಕ್ಕ, ಯಾವ ಟೋಕನ್ನೂ ಇಲ್ಲದೆ ಕೋಲೂರಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಅಲ್ಲಿ ಅವಳೂ ಗೆಳತಿಯೂ, ಇಬ್ಬರು ಮುದುಕಿಯರು, ಹಲಸಿನ ಬೀಜ ಸುಲಿಯುತ್ತ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ನೀವು ನೆಟ್‌ವರ್ಕ್ ಇಲ್ಲದ ಫೋನನ್ನು ಆಕಾಶಕ್ಕೆ ತೋರಿಸುತ್ತ, “ತಾತ, ಇನ್ನೂ ಎಷ್ಟು ಹೊತ್ತು? ಬೇರೆ ಕಡೆ ಹೋಗೋಣ” ಎಂದು ಪೀಡಿಸಿದಿರಿ. ಎರಚಲು ಬೆನ್ನಿಗೆ ಬೀಳುತ್ತಿತ್ತು. ನಾನು ನಗುತ್ತಿದ್ದೆ. ಯಾಕೆಂದು ಕೇಳಿದಿರಿ, ನಾನು ಹೇಳಲಿಲ್ಲ. ಅದಕ್ಕೇ ಇಷ್ಟು ಬರೆದೆ.

ಆಮೇಲೆ ಏನಾಯಿತು, ನೆನಪಿದೆಯೆ? ಮೋಡ ಇಳಿಯಿತು. ರಸ್ತೆ ಹೋಯಿತು, ಕಾರುಗಳು ಹೋದವು, ಕರೆಂಟೂ ಹೋಯಿತು. ನಿಮ್ಮ ಫೋನಿನಲ್ಲಿ ಮೂರು ಗಂಟೆ. ಬಾಗಿಲ ಬಳಿ ಒಂದು ದೀಪ ಹೊತ್ತಿತು, ಅದರ ಹಿಂದೆ ಅಕ್ಕನ ಗೆಳತಿಯ ಸುಕ್ಕುಗಟ್ಟಿದ ಮುಖ. ಆ ಮುಖ ನನ್ನ ಹೆಸರನ್ನಾಗಲಿ ಟೋಕನ್ ಸಂಖ್ಯೆಯನ್ನಾಗಲಿ ಕೂಗಲಿಲ್ಲ.

“ಸಂಜೆ ಆಯ್ತು ಸಾವ್ಕಾರ್ರೆ” ಎಂದಿತು. “ಬನ್ನಿ ಒಳಗೆ.”